ನಂದಿಬಟ್ಟಲಿನ ಹುಳು, ಮತ್ತಿಮರದ ಗೂಡು: ಪತಂಗ ಮತ್ತು ಮರಿಹುಳುಗಳ ಗುರುತು ಹಿಡಿಯುವ ಕುರಿತು

ಅಘನಾಶಿನಿ (ಶಿರಸಿ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದ ಮೇಲೆ ನಮ್ಮ ಅಂಗಳದಲ್ಲಿಯೂ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿಯೂ ಕಂಡ ಕೆಲವು ಹುಳುಗಳ ಹೆಸರನ್ನು ತಿಳಿಯಬೇಕಾಗಿದೆ. ಮೊಬೈಲ್ ಆಪ್ ಒಂದೊಂದು ಚಿತ್ರಕ್ಕೆ ಒಂದೊಂದು ಹೆಸರನ್ನು ಹೇಳುತ್ತಿರುವುದರಿಂದ ತಿಳಿದವರನ್ನೇ ಕೇಳುವುದು ಸರಿಯೆಂದುಕೊಂಡೆ.

ಮೊದಲನೆಯದು ನಂದಿಬಟ್ಟಲು ಗಿಡದಲ್ಲಿತ್ತು. ಬೆರಳಿನಷ್ಟು ದಪ್ಪ, ಎಳೆ ಹಸಿರು ಬಣ್ಣ, ತಲೆಯ ಹಿಂದೆ ನೀಲಿ ಬಿಳಿ ಬಣ್ಣದ ಎರಡು ದೊಡ್ಡ ಕಣ್ಣುಗಳಂಥ ಗುರುತು, ಬಾಲದ ತುದಿಯಲ್ಲಿ ಕಿತ್ತಳೆ ಬಣ್ಣದ ಮೋಟು ಕೊಂಬು. ಮಾರನೆಯ ದಿನ ಅದೇ ಗಿಡದ ಬುಡದಲ್ಲಿ ಅಷ್ಟೇ ದೊಡ್ಡದಾದ, ಆದರೆ ಕಂದು ಬಣ್ಣದ ಹುಳುವೊಂದು ಅವಸರದಿಂದ ನಡೆದು ಹೋಗುತ್ತಿತ್ತು. ಎರಡನೆಯದು ಕಣಗಿಲೆಯ ಎಲೆಯ ಮೇಲೆ ಇದ್ದದ್ದು. ಮೈಮೇಲೆ ಕಂದು ಮತ್ತು ಬಿಳಿಯ ಅಡ್ಡಪಟ್ಟೆಗಳು, ಮೈಯಿಂದ ಜೋಡಿ ಜೋಡಿಯಾಗಿ ಹೊರಟ ಕರಿಯ ಎಳೆಗಳು. ಮೂರನೆಯದು ಹುಳುವಲ್ಲ, ಗೂಡು. ಬೆಟ್ಟದ ಮತ್ತಿಮರದ ಕಡ್ಡಿಗೆ ಗಟ್ಟಿಯಾದ ತೊಟ್ಟಿನಿಂದ ನೇತಾಡುತ್ತಿದೆ, ಬೂದುಗಂದು ಬಣ್ಣ, ಒತ್ತಿದರೆ ಬಗ್ಗದಷ್ಟು ಗಡಸು. ನಾಲ್ಕನೆಯದು ನುಗ್ಗೆಮರದ ಕಾಂಡಕ್ಕೆ ರಾಶಿಯಾಗಿ ಅಂಟಿಕೊಂಡಿರುವ ಕಂಬಳಿಹುಳುಗಳು.

ಒಂದು ಹುಳುವನ್ನು ಕಂಡಾಗ ಮೊದಲು ಏನನ್ನು ನೋಡಬೇಕು, ಯಾವ ಮಟ್ಟದವರೆಗೆ ಹೆಸರು ಹೇಳಿದರೆ ಅದು ನಂಬಿಕೆಗೆ ಯೋಗ್ಯ ಎಂಬುದನ್ನೂ ತಿಳಿಸಿಕೊಡಿ.

ಇರುಳುದೀಪ (ತೀರ್ಥಹಳ್ಳಿ):

ಅಘನಾಶಿನಿಯವರೇ, ನಿಮ್ಮ ಬರಹದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿಯೆಂದರೆ, ನೀವು ಪ್ರತಿಯೊಂದು ಹುಳುವಿನ ಜೊತೆಗೂ ಗಿಡದ ಹೆಸರನ್ನು ಬರೆದಿದ್ದೀರಿ. ಇಂಥ ಪ್ರಶ್ನೆಗಳನ್ನು ಕಳುಹಿಸುವವರಲ್ಲಿ ಬಹಳಷ್ಟು ಜನ ಹುಳುವನ್ನು ಅಂಗೈ ಮೇಲೋ ಟೈಲ್ಸ್ ನೆಲದ ಮೇಲೋ ಇಟ್ಟು ಚಿತ್ರ ತೆಗೆದು ಕಳುಹಿಸುತ್ತಾರೆ. ಆಗ ಅರ್ಧಕ್ಕಿಂತ ಹೆಚ್ಚು ಮಾಹಿತಿ ಅಲ್ಲಿಯೇ ಕಳೆದುಹೋಗಿರುತ್ತದೆ. ಪತಂಗದ ಮರಿಹುಳುಗಳಲ್ಲಿ ಅನೇಕವು ಒಂದೋ ಎರಡೋ ಸಸ್ಯ ಕುಟುಂಬಗಳನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲವಾದ್ದರಿಂದ, ಗಿಡ ಗೊತ್ತಾದ ಕೂಡಲೇ ಸಾವಿರಾರು ಸಾಧ್ಯತೆಗಳು ಕೆಲವೇ ಹೆಸರುಗಳಿಗೆ ಇಳಿಯುತ್ತವೆ.

ನಂದಿಬಟ್ಟಲಿನ ಹುಳು ಡಾಫ್ನಿಸ್ ನೆರಿಯೈ, ಅಂದರೆ ಕಣಗಿಲೆ ಗಿಡುಗ ಪತಂಗದ ಮರಿಹುಳು. ನಂದಿಬಟ್ಟಲು ಮತ್ತು ಕಣಗಿಲೆ ಒಂದೇ ಕುಟುಂಬದ ಹಾಲು ಸುರಿಸುವ ಗಿಡಗಳು, ಎರಡರಲ್ಲಿಯೂ ಇದು ಬೆಳೆಯುತ್ತದೆ. ಬಾಲದ ಕೊಂಬು ಗಿಡುಗ ಪತಂಗಗಳ ಕುಟುಂಬದ ಗುರುತು, ಕಪ್ಪು ಅಂಚಿನ ನೀಲಿ ಬಿಳಿ ಕಣ್ಣು ಈ ಪ್ರಭೇದದ ಗುರುತು. ಬೆದರಿಸಿದರೆ ತಲೆಯನ್ನು ಒಳಕ್ಕೆ ಎಳೆದುಕೊಂಡು ಎದೆಭಾಗವನ್ನು ಉಬ್ಬಿಸುತ್ತದೆ. ಆಗ ಮಡಿಕೆಯಲ್ಲಿ ಮರೆಯಾಗಿದ್ದ ಕಣ್ಣುಗಳು ಪೂರ್ತಿ ತೆರೆದುಕೊಳ್ಳುತ್ತವೆ. ಕೆಳಗೆ ನಡೆಯುತ್ತಿದ್ದ ಕಂದು ಹುಳುವೂ ಬಹುಮಟ್ಟಿಗೆ ಇದೇ. ಕೋಶಕ್ಕೆ ಹೋಗುವ ಮೊದಲು ಇದು ತಿನ್ನುವುದನ್ನು ನಿಲ್ಲಿಸಿ, ಬಣ್ಣ ಬದಲಿಸಿ, ಗಿಡದಿಂದ ಇಳಿದು ತರಗೆಲೆಯ ಅಡಿಗೆ ಜಾಗ ಹುಡುಕಿಕೊಂಡು ಹೊರಡುತ್ತದೆ.

ಕಣಗಿಲೆಯ ಮೇಲಿನ ಪಟ್ಟೆ ಹುಳು ಪತಂಗದ್ದೇ ಅಲ್ಲ. ನಾಲ್ಕು ಜೋಡಿ ಕರಿಯ ಎಳೆಗಳಿರುವ ಅದು ಯೂಪ್ಲಿಯಾ ಕೋರ್ ಎಂಬ ಚಿಟ್ಟೆಯ ಮರಿಹುಳು. ಕಂದುಗಪ್ಪು ರೆಕ್ಕೆಯ ಅಂಚಿನಲ್ಲಿ ಬಿಳಿ ಚುಕ್ಕೆಗಳಿರುವ ಆ ಚಿಟ್ಟೆಯನ್ನು ನೀವು ನೋಡಿಯೇ ಇರುತ್ತೀರಿ. ಕೆಲವು ದಿನಗಳಲ್ಲಿ ಅದು ಎಲೆಯ ಅಡಿಯಲ್ಲಿ ತಲೆಕೆಳಗಾಗಿ ನೇತುಬಿದ್ದು ಬೆಳ್ಳಿಯಂತೆ ಹೊಳೆಯುವ ಕೋಶವಾಗುತ್ತದೆ. ಅದೇ ಗಿಡವನ್ನು ತಿನ್ನುವ ಗಿಡುಗ ಪತಂಗದ ಕೋಶ ನೆಲದ ಮೇಲೆ, ಮಂಕು ಕಂದು ಬಣ್ಣದಲ್ಲಿ ಸಿಗುತ್ತದೆ. ಗಿಡ ಒಂದೇ ಆದರೂ ಕುಟುಂಬ ಬೇರೆಯಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಮತ್ತಿಮರದ ಗೂಡು ಟಸ್ಸಾರ್ ರೇಷ್ಮೆಯ ಬಳಗದ್ದು, ಆಂಥೀರಿಯಾ ಕುಲಕ್ಕೆ ಸೇರಿದ್ದು. ತೊಟ್ಟು ಕಡ್ಡಿಯ ಸುತ್ತ ಉಂಗುರದಂತೆ ಬಿಗಿದುಕೊಂಡಿದೆಯೇ ನೋಡಿ, ಆ ತೊಟ್ಟೇ ಇದರ ಖಚಿತ ಗುರುತು. ತೊಟ್ಟಿನ ಕಡೆಯ ತುದಿ ಮೆತ್ತಗಾಗಿ ತೆರೆದುಕೊಂಡಿದ್ದರೆ ಪತಂಗ ಹೊರಟುಹೋಗಿದೆ. ಪಕ್ಕದಲ್ಲಿ ಸಣ್ಣ ಗುಂಡು ತೂತಿದ್ದರೆ ಒಳಗಿನ ಜೀವವನ್ನು ಬೇರಾವುದೋ ಕೀಟ ತಿಂದು ಮುಗಿಸಿದೆ. ಎರಡೂ ಇಲ್ಲದಿದ್ದರೆ ದಯವಿಟ್ಟು ಅಲ್ಲಿಯೇ ಬಿಡಿ.

ನುಗ್ಗೆಯ ಕಂಬಳಿಹುಳುಗಳ ಬಗ್ಗೆ ತೋಟ ಮಾಡುವವರು ಬರೆದರೆ ಒಳ್ಳೆಯದು.

ತೋಟದಮನೆ (ಸಾಗರ):

ನುಗ್ಗೆಯ ಕಾಂಡದ ಮೇಲೆ ಹಗಲು ಹೊತ್ತಿನಲ್ಲಿ ಗುಂಪಾಗಿ ಕೂತು, ಕತ್ತಲಾದ ಮೇಲೆ ಮೇಲೇರಿ ಎಲೆ ತಿನ್ನುವ ಹುಳು ಯೂಪ್ಟೆರೋಟೆ ಕುಲದ್ದು. ನುಗ್ಗೆಯಲ್ಲಿ ಬರುವ ಪ್ರಭೇದವನ್ನು ಕೃಷಿ ಇಲಾಖೆಯವರು ಯೂಪ್ಟೆರೋಟೆ ಮಾಲಿಫೆರಾ ಎಂದು ಬರೆಯುತ್ತಾರೆ. ಏಲಕ್ಕಿ ತೋಟಗಳಲ್ಲಿ ಬರುವ ಕಂಬಳಿಹುಳುಗಳೂ ಇದೇ ಕುಲದವು. ರೋಮ ತಗುಲಿದರೆ ಮೈಯೆಲ್ಲ ತುರಿಕೆ ಏಳುತ್ತದೆ, ಆದ್ದರಿಂದ ಕೈಯಿಂದ ಬಿಡಿಸಲು ಹೋಗಬೇಡಿ. ಒಂದು ಮರ ಮಾತ್ರವಿದ್ದರೆ ಬಿಟ್ಟುಬಿಡಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನುಗ್ಗೆ ಮತ್ತೆ ಚಿಗುರುತ್ತದೆ. ಅಡುಗೆಮನೆಯ ಬಾಗಿಲಿಗೆ ಹತ್ತಿರವಿದ್ದು ಮಕ್ಕಳು ಓಡಾಡುವ ಜಾಗವಾದರೆ ಮಾತ್ರ, ಹಗಲು ಗುಂಪಾಗಿರುವಾಗಲೇ ಉದ್ದನೆಯ ಕೋಲಿನಿಂದ ಸಾಬೂನು ನೀರಿನ ಬಕೆಟ್ಟಿಗೆ ಕೆಡವಬಹುದು.

ಇನ್ನೊಂದು ಸಂದೇಹ ನನ್ನದು. ನಮ್ಮ ಮನೆಯ ಗೋಡೆಗೆ ಬಂದು ಕೂತಿದ್ದ ಮೊರದಗಲದ ಪತಂಗಕ್ಕೆ ಆಪ್ ಅಟ್ಯಾಕಸ್ ಅಟ್ಲಾಸ್ ಎಂದು ಹೆಸರು ಕೊಟ್ಟಿತು. ಅದು ಸರಿಯೇ?

ಇರುಳುದೀಪ:

ಕುಲ ಸರಿ, ಪ್ರಭೇದ ಸರಿಯಲ್ಲ. ದಕ್ಷಿಣ ಭಾರತದಲ್ಲಿಯೂ ಶ್ರೀಲಂಕಾದಲ್ಲಿಯೂ ಇರುವುದು ಅಟ್ಯಾಕಸ್ ಟ್ಯಾಪ್ರೊಬಾನಿಸ್. ಅಟ್ಯಾಕಸ್ ಅಟ್ಲಾಸ್ ಹಿಮಾಲಯದ ತಪ್ಪಲು, ಈಶಾನ್ಯ ಭಾರತ ಮತ್ತು ಅಲ್ಲಿಂದ ಮುಂದಕ್ಕೆ ಆಗ್ನೇಯ ಏಷ್ಯಾದ್ದು. ಹಳೆಯ ಪುಸ್ತಕಗಳಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಬರೆದಿರುವುದರಿಂದ ಪತ್ರಿಕೆಗಳಲ್ಲಿ ಇಂದಿಗೂ ಅದೇ ಹೆಸರು ಬರುತ್ತಿದೆ. ರೆಕ್ಕೆಯಲ್ಲಿ ಗಾಜಿನಂಥ ಮುಕ್ಕೋನದ ಕಿಟಕಿಗಳು, ಮುಂದಿನ ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯನ್ನು ಹೋಲುವ ಬಾಗು ಎರಡರಲ್ಲಿಯೂ ಇವೆ. ಆದ್ದರಿಂದ ಚಿತ್ರದ ಹೋಲಿಕೆಯಿಂದಷ್ಟೇ ಆಪ್ ಹೇಳುವ ಉತ್ತರವನ್ನು ಸ್ಥಳದ ಜೊತೆ ತಾಳೆ ನೋಡದೆ ಒಪ್ಪಬಾರದು. ಪ್ರಭೇದದ ಹೆಸರು ಬಂದ ತಕ್ಷಣ ಅದರ ಹರವನ್ನು ನೋಡುವ ಅಭ್ಯಾಸವಿಟ್ಟುಕೊಂಡರೆ ಇಂಥ ಗೊಂದಲಗಳಲ್ಲಿ ಬಹುಪಾಲು ಅಲ್ಲಿಯೇ ತೀರಿಹೋಗುತ್ತವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವರ ಒತ್ತಾಸೆಯಿಂದ ನಡೆಯುತ್ತಿರುವ ಮಾತ್ಸ್ ಆಫ್ ಇಂಡಿಯಾ ಜಾಲತಾಣದಲ್ಲಿ ಪ್ರತಿ ಪ್ರಭೇದದ ಚಿತ್ರದ ಜೊತೆಗೆ ಅದು ಸಿಕ್ಕ ಸ್ಥಳ ಮತ್ತು ದಿನಾಂಕವೂ ಇರುತ್ತದೆ. ನಾನು ಮೊದಲು ನೋಡುವುದು ಅದನ್ನೇ.

ಕೀಟವಿದ್ಯಾರ್ಥಿನಿ (ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ಯಾವ ಮಟ್ಟದವರೆಗೆ ಹೆಸರು ಹೇಳಬಹುದು ಎಂಬ ಪ್ರಶ್ನೆ ಬಹಳ ಮುಖ್ಯವಾದುದು, ಅದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ಮೊದಲು ಕಾಲುಗಳನ್ನು ನೋಡಬೇಕು. ಚಿಟ್ಟೆ ಮತ್ತು ಪತಂಗಗಳ ಮರಿಹುಳುವಿಗೆ ಎದೆಭಾಗದಲ್ಲಿ ಮೂರು ಜೋಡಿ ನಿಜಕಾಲುಗಳೂ ಹೊಟ್ಟೆಭಾಗದಲ್ಲಿ ಹೆಚ್ಚೆಂದರೆ ಐದು ಜೋಡಿ ಹುಸಿಕಾಲುಗಳೂ ಇರುತ್ತವೆ. ಮೈಯನ್ನು ಕಮಾನಿನಂತೆ ಬಗ್ಗಿಸಿ ಗೇಣು ಹಾಕುತ್ತ ನಡೆಯುವ ಹುಳುಗಳಲ್ಲಿ ಹುಸಿಕಾಲುಗಳು ಸಾಮಾನ್ಯವಾಗಿ ಎರಡೇ ಜೋಡಿ. ಹುಸಿಕಾಲುಗಳು ಐದು ಜೋಡಿಗಿಂತ ಹೆಚ್ಚಿದ್ದರೆ ಅದು ಪತಂಗದ ಮರಿಹುಳುವೇ ಅಲ್ಲ. ಸಾಸಿವೆ, ಮೂಲಂಗಿ ಎಲೆಗಳನ್ನು ತಿನ್ನುವ ಕರಿಯ ಹುಳುವಿಗೆ ಎಂಟು ಜೋಡಿ ಇರುತ್ತವೆ, ಅದು ಕಣಜದ ಸಂಬಂಧಿಯಾದ ಗರಗಸ ನೊಣದ ಮರಿ. ಆದ್ದರಿಂದ ಮೇಲಿನಿಂದ ತೆಗೆದ ಸುಂದರವಾದ ಒಂದು ಚಿತ್ರಕ್ಕಿಂತ ಪಕ್ಕದಿಂದ ತೆಗೆದ ಸಾಧಾರಣ ಚಿತ್ರವೇ ನಮಗೆ ಹೆಚ್ಚು ಉಪಯುಕ್ತ.

ಬಣ್ಣವನ್ನು ಮಾತ್ರ ಕೊನೆಯಲ್ಲಿ ನಂಬಬೇಕು. ಕಲಬುರಗಿಯ ಕಡೆ ತೊಗರಿಯ ಕಾಯಿಕೊರಕ ಹುಳು ಒಂದೇ ಹೊಲದಲ್ಲಿ ಹಸಿರು, ಕಂದು, ಹಳದಿ, ನಸುಗೆಂಪು ಬಣ್ಣಗಳಲ್ಲಿ ಸಿಗುತ್ತದೆ. ಎಳ್ಳಿನ ಗಿಡದಲ್ಲಿ ಸಿಗುವ ಅಖೆರೊಂಟಿಯಾ ಗಿಡುಗ ಪತಂಗದ ಮರಿಯೂ ಹಸಿರು, ಹಳದಿ, ಕಂದು ಎಂಬ ಬೇರೆ ಬೇರೆ ರೂಪಗಳಲ್ಲಿರುತ್ತದೆ. ವಯಸ್ಸಿನ ಪ್ರಶ್ನೆಯೂ ಇದೆ. ಕರಿಬೇವಿನ ಮೇಲಿನ ನಿಂಬೆ ಚಿಟ್ಟೆಯ ಮರಿ ಚಿಕ್ಕದಿರುವಾಗ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ, ಕೊನೆಯ ಪೊರೆ ಕಳಚಿದ ಮೇಲೆ ಅಚ್ಚ ಹಸಿರಾಗುತ್ತದೆ. ಇದನ್ನು ತಿಳಿಯದವರು ಒಂದೇ ಜೀವಿಯನ್ನು ಎರಡು ಪ್ರಭೇದವೆಂದು ದಾಖಲಿಸಿಬಿಡುತ್ತಾರೆ.

ಸೂಕ್ಷ್ಮ ಗುರುತುಗಳಿಗೆ ಎಷ್ಟು ಬೆಲೆಯಿದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಸಂಗತಿಯಿದೆ. ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗ ಭಾಗದ ಮುಸುಕಿನ ಜೋಳದ ಹೊಲಗಳಲ್ಲಿ. ಇದನ್ನು ಹೊಲದಲ್ಲಿಯೇ ಗುರುತಿಸಲು ಎರಡು ಲಕ್ಷಣಗಳನ್ನು ಜೊತೆಯಾಗಿ ನೋಡುತ್ತಾರೆ. ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದಂಥ ಬಿಳಿಗೆರೆ, ಬಾಲದ ಕಡೆಯಿಂದ ಎರಡನೆಯ ದೊಡ್ಡ ಖಂಡದ ಬೆನ್ನಿನ ಮೇಲೆ ಚೌಕಾಕಾರದಲ್ಲಿ ನಾಲ್ಕು ದೊಡ್ಡ ಕರಿಯ ಚುಕ್ಕೆಗಳು. ಹಣೆಯ ಗೆರೆ ಬೇರೆ ಹುಳುಗಳಲ್ಲಿಯೂ ತಕ್ಕಮಟ್ಟಿಗೆ ಕಾಣುವುದರಿಂದ ಅದೊಂದನ್ನೇ ನಂಬುವಂತಿಲ್ಲ, ನಾಲ್ಕು ಚುಕ್ಕೆಗಳು ಸ್ಪಷ್ಟವಾಗಿ ಕಾಣಬೇಕು. ಮೊಬೈಲಿನ ಮುಂದೆ ಸಾಧಾರಣ ಭೂತಗನ್ನಡಿ ಹಿಡಿದು ತೆಗೆದರೂ ಇವೆರಡೂ ಬರುತ್ತವೆ.

ಇಷ್ಟೆಲ್ಲ ಮಾಡಿದರೂ ಅನೇಕ ಗುಂಪುಗಳಲ್ಲಿ ಚಿತ್ರದಿಂದ ಪ್ರಭೇದವನ್ನು ಹೇಳಲು ಸಾಧ್ಯವಿಲ್ಲ. ತೋಟದಮನೆಯವರು ಹೇಳಿದ ಯೂಪ್ಟೆರೋಟೆಯೇ ಅಂಥದ್ದು. ಕಣಜದಂತೆ ಕಾಣುವ, ಹಗಲಿನಲ್ಲಿ ಹಾರುವ ಅಮಾಟಾ ಕುಲವೂ ಅಂಥದ್ದು. ಅವುಗಳಲ್ಲಿ ಗಂಡಿನ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಅಂಥಲ್ಲಿ ಕುಲದ ಹೆಸರಿಗೇ ನಿಲ್ಲುವುದು ಕೊರತೆಯಲ್ಲ, ಅದೇ ಸರಿಯಾದ ಉತ್ತರ. ಭಾರತದಲ್ಲಿ ಚಿಟ್ಟೆಗಳ ಪ್ರಭೇದಗಳು ಒಂದೂವರೆ ಸಾವಿರದೊಳಗಿದ್ದರೆ ಪತಂಗಗಳದ್ದು ಹತ್ತು ಸಾವಿರದ ಆಸುಪಾಸು. ಅವುಗಳಲ್ಲಿ ಬಹುಪಾಲಿನ ಮರಿಹುಳು ಹೇಗಿರುತ್ತದೆ ಎಂಬುದೇ ದಾಖಲಾಗಿಲ್ಲ.

ಕಾಳಿತೀರ (ಕಾರವಾರ):

ವಿದ್ಯಾರ್ಥಿನಿಯವರ ಕೊನೆಯ ಮಾತಿಗೆ ಪೂರಕವಾಗಿ ನಮ್ಮ ಜಿಲ್ಲೆಯ ಒಂದು ಸಂಗತಿಯನ್ನು ಸೇರಿಸುತ್ತೇನೆ. ಬ್ರಿಟಿಷರ ಕಾಲದ ಪತಂಗ ಸಂಪುಟಗಳಲ್ಲಿ ಹ್ಯಾಂಪ್ಸನ್ ಬರೆದ ಮೊದಲ ನಾಲ್ಕು ಸಂಪುಟಗಳು 1892ರಿಂದ 1896ರ ನಡುವೆ ಬಂದವು. ಅವು ಹೆಚ್ಚಾಗಿ ಸೂಜಿ ಚುಚ್ಚಿಟ್ಟ ಪತಂಗಗಳ ವಿವರಣೆಗಳು. 1937ರಲ್ಲಿ ಗಿಡುಗ ಪತಂಗಗಳ ಕುರಿತು ಬಂದ ಐದನೆಯ ಸಂಪುಟ ಮಾತ್ರ ಬೇರೆಯ ರೀತಿಯದು. ಅದರ ಲೇಖಕರಲ್ಲಿ ಒಬ್ಬರಾದ ಟಿ. ಆರ್. ಬೆಲ್ ಅರಣ್ಯಾಧಿಕಾರಿಯಾಗಿ ಉತ್ತರ ಕನ್ನಡದಲ್ಲಿ ಕೆಲಸ ಮಾಡಿ, ನಿವೃತ್ತಿಯ ನಂತರವೂ ಕಾರವಾರದಲ್ಲಿಯೇ ನೆಲೆಸಿದವರು. ಅವರು ಮರಿಹುಳುಗಳನ್ನು ಗಿಡಸಮೇತ ಹುಡುಕಿ, ಸಾಕಿ, ಪತಂಗ ಹೊರಬರುವವರೆಗೆ ಕಾದು ಬರೆದರು. ಆ ಸಂಪುಟದಲ್ಲಿ ಎಷ್ಟೋ ಪ್ರಭೇದಗಳ ಮೊಟ್ಟೆ, ಮರಿಹುಳು, ಕೋಶ, ಆಹಾರ ಸಸ್ಯಗಳ ವಿವರ ಸಿಗುವುದು ಈ ಕಾರಣಕ್ಕೆ. ಅಘನಾಶಿನಿಯವರು ನಿಂತಿರುವ ಅದೇ ಕಾಡುಗಳಿಂದ ಆ ಜ್ಞಾನ ಬಂದಿದೆ. ಗಿಡದ ಹೆಸರನ್ನು ತಪ್ಪದೆ ಬರೆಯಿರಿ ಎಂದು ಇರುಳುದೀಪರು ಹೇಳುವುದರ ಹಿಂದೆ ಇಷ್ಟು ಹಳೆಯ ಅನುಭವವಿದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಗಿಡದ ಮೇಲೆ ಕೂತಿರುವ ಹುಳು ಆ ಗಿಡವನ್ನೇ ತಿನ್ನುತ್ತಿದೆ ಎಂದೇನೂ ಅಲ್ಲ. ಕೋಶಕ್ಕೆ ಹೊರಟ ಹುಳು ಎಲ್ಲೆಂದರಲ್ಲಿ ಹತ್ತಿ ಇಳಿಯುತ್ತದೆ, ಮಳೆಗಾಳಿಗೆ ಮೇಲಿನ ಮರದಿಂದ ಬಿದ್ದದ್ದೂ ಇರಬಹುದು. ಎಲೆಯ ಅಂಚು ಹೊಸದಾಗಿ ಕಡಿದಿದೆಯೇ, ಕೆಳಗಿನ ಎಲೆಗಳ ಮೇಲೆ ಹಿಕ್ಕೆ ಬಿದ್ದಿದೆಯೇ ನೋಡಬೇಕು. ಗಿಡುಗ ಪತಂಗದ ಮರಿಯ ಹಿಕ್ಕೆ ದೊಡ್ಡದು. ಬೆರಳಲ್ಲಿ ಹಿಡಿದು ನೋಡಿದರೆ ಉದ್ದಕ್ಕೆ ಗೀರುಗಳಿರುವ ಉರುಟು ಗುಳಿಗೆಯಂತೆ ಕಾಣುತ್ತದೆ, ಹೊಸದಾದರೆ ಹಸಿರು, ಹಳೆಯದಾದರೆ ಕಪ್ಪು. ಎಷ್ಟೋ ಸಲ ಹಿಕ್ಕೆ ಕಂಡು, ತಲೆಯೆತ್ತಿ ಹುಡುಕಿದರೆ ಎಲೆಯ ನಡುನರಕ್ಕೆ ಅಂಟಿಕೊಂಡಿರುವ ಹುಳು ಸಿಗುತ್ತದೆ. ತಿನ್ನುತ್ತಿತ್ತು, ಕೂತಿತ್ತು, ನಡೆಯುತ್ತಿತ್ತು ಎಂಬ ಮೂರರಲ್ಲಿ ಯಾವುದು ಎಂಬುದನ್ನು ಟಿಪ್ಪಣಿಯಲ್ಲಿ ಬರೆಯುವುದು ಗಿಡದ ಹೆಸರಿನಷ್ಟೇ ಮುಖ್ಯ.

ರೇಷ್ಮೆಕೃಷಿಕ (ಶಿಡ್ಲಘಟ್ಟ ತಾಲ್ಲೂಕು):

ಕಾಳಿತೀರ ಸರ್ ಹೇಳಿದಂತೆ ಸಾಕಿ ನೋಡುವ ಆಸೆಯಿದ್ದವರಿಗೆ ನಮ್ಮ ಹುಳುಮನೆಯ ಅನುಭವದಿಂದ ಕೆಲವು ಮಾತುಗಳನ್ನು ಹೇಳಬಹುದೆಂದುಕೊಂಡಿದ್ದೇನೆ. ರೇಷ್ಮೆಹುಳುವೂ ಪತಂಗದ ಮರಿಯೇ ಆದುದರಿಂದ ಮೂಲ ನಿಯಮಗಳು ಬದಲಾಗುವುದಿಲ್ಲ.

ಎಲೆ ಸಿಕ್ಕ ಗಿಡದ್ದೇ ಆಗಿರಬೇಕು, ದಿನವೂ ಹೊಸದಾಗಿರಬೇಕು, ಆದರೆ ಒದ್ದೆಯಾಗಿರಬಾರದು. ಮಳೆಗಾಲದಲ್ಲಿ ಎಲೆಯನ್ನು ಬಟ್ಟೆಯಿಂದ ಒರೆಸಿ ಕೊಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಾವಿ ಕಟ್ಟಿ ಹುಳು ಸಾಯುವುದೇ ಹೆಚ್ಚು. ಬಾಯಿಗೆ ತೆಳುಬಟ್ಟೆ ಕಟ್ಟಿದ ಅಗಲವಾದ ಡಬ್ಬಿ ಸಾಕು. ಹಿಕ್ಕೆಯನ್ನು ದಿನವೂ ತೆಗೆಯಬೇಕು, ಇಲ್ಲವಾದರೆ ಬೂಷ್ಟು ಬರುತ್ತದೆ. ಹುಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಕೂತರೆ ಕಾಯಿಲೆಯೆಂದು ಗಾಬರಿಯಾಗಬೇಡಿ. ನಾವು ಅದನ್ನು ಹುಳು ಜ್ವರಕ್ಕೆ ಕೂತಿದೆ ಎನ್ನುತ್ತೇವೆ, ಪೊರೆ ಕಳಚುವ ಸಮಯ ಅದು. ಆ ಹೊತ್ತಿನಲ್ಲಿ ಎಲೆಯಿಂದ ಬಿಡಿಸಿ ಬೇರೆ ಕಡೆ ಇಡಲು ಹೋದರೆ ಪೊರೆ ಸಿಕ್ಕಿಕೊಂಡು ಸಾಯುತ್ತದೆ. ಹಳೆಯ ಎಲೆ ಒಣಗಿದರೂ ಚಿಂತೆಯಿಲ್ಲ, ಹೊಸ ಎಲೆಯನ್ನು ಪಕ್ಕದಲ್ಲಿಟ್ಟು ಸುಮ್ಮನಿರಿ.

ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವಿನ ವಿಷಯದಲ್ಲಿ ಮಾತ್ರ ಕಾಡಿನ ಹುಳುಗಳು ಬೇರೆ. ನಮ್ಮ ಹುಳು ಚಂದ್ರಿಕೆಯೆಂಬ ಬಿದಿರಿನ ತಟ್ಟಿಯ ಮೇಲೆ ಗೂಡು ಕಟ್ಟುತ್ತದೆ. ಬಾಲದಲ್ಲಿ ಕೊಂಬಿರುವ ಹುಳುಗಳಲ್ಲಿ ಹೆಚ್ಚಿನವಕ್ಕೆ ನಾಲ್ಕಾರು ಅಂಗುಲ ಸಡಿಲವಾದ, ಸ್ವಲ್ಪ ತೇವವಿರುವ ಮಣ್ಣು ಅಥವಾ ತರಗು ಬೇಕು. ಡಬ್ಬಿಯಲ್ಲಿ ಮಣ್ಣಿಲ್ಲದಿದ್ದರೆ ಸುತ್ತಿ ಸುತ್ತಿ ದಣಿದು ಕೆಡುತ್ತದೆ. ಪತಂಗ ಹೊರಬಂದಾಗ ರೆಕ್ಕೆ ಮುದುಡಿಕೊಂಡಿರುತ್ತದೆ, ಅದು ಹತ್ತಿ ನೇತಾಡಿ ರೆಕ್ಕೆ ಬಿಡಿಸಿಕೊಳ್ಳಲು ಒಳಗೊಂದು ಒರಟು ಕಡ್ಡಿ ಇಡಿ.

ಕೋಶದಿಂದ ಪತಂಗದ ಬದಲು ನೊಣ ಬಂದರೆ ಅಚ್ಚರಿಪಡಬೇಡಿ. ನಮ್ಮನ್ನು 1980ರಿಂದ ಕಾಡುತ್ತಿರುವ ಊಜಿ ನೊಣದ ಬಳಗದವು ಕಾಡಿನ ಹುಳುಗಳಲ್ಲಿಯೂ ಮೊಟ್ಟೆಯಿಡುತ್ತವೆ.

ಇರುಳುದೀಪ:

ಬಹಳ ಉಪಯುಕ್ತವಾದ ಮಾತುಗಳು. ಊಜಿಯ ಮಾತು ಬಂದುದರಿಂದ ಇನ್ನೊಂದನ್ನು ಸೇರಿಸುತ್ತೇನೆ. ಮರಿಹುಳುವಿನ ಬೆನ್ನಿನ ಮೇಲೆ ಅಕ್ಕಿನುಚ್ಚಿನಂಥ ಬಿಳಿಯ ಕಾಳುಗಳು ನೆಟ್ಟಗೆ ನಿಂತಿರುವ ಚಿತ್ರಗಳನ್ನು ಹುಳು ಮೊಟ್ಟೆಯಿಟ್ಟಿದೆ ಎಂಬ ಒಕ್ಕಣೆಯೊಂದಿಗೆ ಕಳುಹಿಸುವವರಿದ್ದಾರೆ. ಮರಿಹುಳು ಮೊಟ್ಟೆಯಿಡುವುದಿಲ್ಲ. ಅವು ಹುಳುವಿನ ಒಳಗೆ ಬೆಳೆದು ಹೊರಬಂದ ಪುಟ್ಟ ಕಣಜಗಳ ಗೂಡುಗಳು. ಅಂಥ ಹುಳುವಿನಿಂದ ಪತಂಗ ಬರುವುದಿಲ್ಲವಾದರೂ ಅದನ್ನು ಬಿಸಾಡಬೇಡಿ. ಯಾವ ಕಣಜ ಯಾವ ಹುಳುವಿನಿಂದ ಬಂತು ಎಂಬ ದಾಖಲೆ ಬೆಳೆಗಳ ದೃಷ್ಟಿಯಿಂದಲೂ ಬೆಲೆಯುಳ್ಳದ್ದು. ತೆಂಗಿನ ಕಪ್ಪುತಲೆ ಹುಳುವಿನ ಹತೋಟಿಗೆ ಗೋನಿಯೋಜಸ್ ಎಂಬ ಕಣಜವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ತೋಟಗಳಿಗೆ ಬಿಡುತ್ತಾರೆ, ಅದು ಇಂಥ ಗಮನಿಕೆಗಳಿಂದಲೇ ಸಾಧ್ಯವಾದದ್ದು.

ಬೆಟ್ಟದಹೂ (ಕೊಡಗು):

ಸಾಕುವ ಬಗ್ಗೆ ನನ್ನದು ಸ್ವಲ್ಪ ಭಿನ್ನವಾದ ಅಭಿಪ್ರಾಯ. ಇಲ್ಲಿನ ಮಾತುಗಳನ್ನು ಓದಿ ಉತ್ಸಾಹದಿಂದ ಹತ್ತಾರು ಹುಳುಗಳನ್ನು ಮನೆಗೆ ತಂದು, ಎಲೆ ಸಿಗದೆ, ಆಫೀಸು ಶಾಲೆಗಳ ನಡುವೆ ಪುರುಸೊತ್ತಿಲ್ಲದೆ ಸಾಯಿಸುವವರೂ ಇರುತ್ತಾರೆ. ರಕ್ಷಿತಾರಣ್ಯದಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ ಎಂಬುದು ಬೇರೆ. ನಾನು ಹುಳುವನ್ನು ಕಿತ್ತು ತರುವುದಿಲ್ಲ. ಮನೆಯ ಸುತ್ತಲಿನ ಗಿಡದಲ್ಲಿಯೇ, ಹುಳುವಿರುವ ರೆಂಬೆಗೆ ಸೊಳ್ಳೆಪರದೆಯ ಬಟ್ಟೆಯ ಚೀಲವನ್ನು ತೊಡಿಸಿ ಎರಡೂ ಕಡೆ ದಾರದಿಂದ ಸಡಿಲವಾಗಿ ಕಟ್ಟುತ್ತೇನೆ. ಎಲೆ ತಾನಾಗಿಯೇ ತಾಜಾ ಇರುತ್ತದೆ, ಬಿಸಿಲು ಮಳೆ ಸಹಜವಾಗಿರುತ್ತವೆ, ಹಕ್ಕಿಗಳಿಂದಲೂ ರಕ್ಷಣೆ ಸಿಗುತ್ತದೆ. ಕಾಫಿ ಮತ್ತು ಬಿಕ್ಕೆ ಗಿಡಗಳಲ್ಲಿ ಸಿಗುವ ಸೆಫೊನೋಡಿಸ್ ಹೈಲಾಸನ್ನು ಹೀಗೆಯೇ ನೋಡಿದ್ದೇನೆ. ಅದರ ಪತಂಗ ಹೊರಬಂದಾಗ ರೆಕ್ಕೆಯ ಮೇಲೆ ಬೂದು ಹುರುಪೆ ಇರುತ್ತದೆ, ಮೊದಲ ಹಾರಾಟದಲ್ಲಿ ಅದು ಉದುರಿ ರೆಕ್ಕೆ ಗಾಜಿನಂತಾಗುತ್ತದೆ. ಹಗಲಿನಲ್ಲಿ ಹೂವಿನ ಮುಂದೆ ನಿಂತಲ್ಲೇ ಹಾರುತ್ತ ಮಕರಂದ ಹೀರುವ ಇದನ್ನು ದುಂಬಿಯೆಂದು ತಿಳಿಯುವವರೇ ಹೆಚ್ಚು.

ಕಾಳಿತೀರ:

ನಿಮ್ಮ ವಿಧಾನ ಒಳ್ಳೆಯದು, ಒಪ್ಪುತ್ತೇನೆ. ಆದರೆ ಮಣ್ಣಿಗಿಳಿಯುವ ಹುಳುಗಳಿಗೆ ಕೊನೆಯ ಹಂತದಲ್ಲಿ ಚೀಲದಿಂದ ದಾರಿ ಸಿಗುವುದಿಲ್ಲ. ಬಣ್ಣ ಬದಲಾದ ದಿನವೇ ತೆಗೆದು ಮಣ್ಣಿನ ಡಬ್ಬಿಗೆ ಬಿಡಬೇಕಾಗುತ್ತದೆ. ಗುರುತು ಈಗಾಗಲೇ ಸ್ಪಷ್ಟವಾಗಿರುವ ಹುಳುವನ್ನು ಸಾಕುವ ಅಗತ್ಯವೇ ಇಲ್ಲ, ಗೊತ್ತಾಗದ್ದನ್ನು ಮಾತ್ರ ಒಂದೆರಡು ಸಾಕಿ, ಪತಂಗವನ್ನು ಸಿಕ್ಕ ಜಾಗದಲ್ಲಿಯೇ ಬಿಟ್ಟುಬಿಡುವುದು ಸರಿ.

ಅಮ್ಮನಂಗಳ (ಪುತ್ತೂರು):

ತುರ್ತಾಗಿ ಒಂದು ವಿಷಯ ಕೇಳಬೇಕಿತ್ತು. ನನ್ನ ಮಗಳು ತೆಂಗಿನ ಮರದ ಕೆಳಗೆ ಬಿದ್ದಿದ್ದ ಹಸಿರು ಹುಳುವನ್ನು ಮುಟ್ಟಿದಳು. ಬೆನ್ನಿನ ಮೇಲೆ ನೀಲಿ ಗೆರೆಗಳು, ಮೈ ಅಂಚಿನಲ್ಲಿ ಗೊಂಚಲು ಗೊಂಚಲಾಗಿ ಮುಳ್ಳುಗಳು. ಬೆರಳು ಉರಿಯುತ್ತಿದೆ ಎಂದು ಅಳುತ್ತಿದ್ದಾಳೆ. ಇದು ವಿಷದ ಹುಳುವೇ?

ಕೀಟವಿದ್ಯಾರ್ಥಿನಿ:

ಅಕ್ಕ, ಮೊದಲು ಆ ಜಾಗವನ್ನು ಉಜ್ಜಬೇಡಿ. ಅಂಟುಪಟ್ಟಿ, ಅಂದರೆ ಸೆಲೋ ಟೇಪನ್ನು ಮೆಲ್ಲಗೆ ಒತ್ತಿ ಎತ್ತಿ, ಹೀಗೆ ಹೊಸ ಹೊಸ ತುಂಡಿನಿಂದ ಕೆಲವು ಸಲ ಮಾಡಿ. ಮುರಿದ ಮುಳ್ಳುಗಳು ಅದಕ್ಕೆ ಅಂಟಿ ಬರುತ್ತವೆ. ಆಮೇಲೆ ಸಾಬೂನು ನೀರಿನಲ್ಲಿ ತೊಳೆದು ತಣ್ಣನೆಯ ಬಟ್ಟೆ ಇಡಿ. ಆ ಕೈಯಿಂದ ಕಣ್ಣು ಮುಟ್ಟದಂತೆ ನೋಡಿಕೊಳ್ಳಿ. ಮುಖ ಊದಿಕೊಂಡರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕಂಬಳಿಹುಳುವಿನ ರೋಮ ಕಣ್ಣಿಗೆ ಬಿದ್ದರೆ ಅದು ಒಳಕ್ಕೆ ಇಳಿಯುವ ಅಪಾಯವಿರುವುದರಿಂದ ಯಾವ ಮನೆಮದ್ದನ್ನೂ ಮಾಡದೆ ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ನಿಮ್ಮ ವಿವರಣೆಯ ಪ್ರಕಾರ ಅದು ಪರಾಸಾ ಲೆಪಿಡಾ. ತೆಂಗು, ಮಾವು, ಹರಳು, ಕಾಫಿ ಹೀಗೆ ಅನೇಕ ಗಿಡಗಳನ್ನು ತಿನ್ನುತ್ತದೆ. ಈ ಕುಟುಂಬದ ಹುಳುಗಳಿಗೆ ಕಾಲುಗಳು ಕಾಣುವುದೇ ಇಲ್ಲ, ಬಸವನಹುಳುವಿನಂತೆ ಜಾರುತ್ತ ಚಲಿಸುತ್ತವೆ. ಉರಿ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ.

ಮಾವಿನ ಎಲೆಯ ನಡುನರದ ಮೇಲೆ ಮಲಗಿ ಎರಡೂ ಪಕ್ಕಕ್ಕೆ ಗರಿಯಂಥ ಮುಳ್ಳುಗಳನ್ನು ಹರಡಿಕೊಂಡಿರುವ ಹಸಿರು ಹುಳುವೊಂದಿದೆ. ನೋಡಲು ಇದಕ್ಕಿಂತ ಭಯಂಕರ, ಆದರೆ ಅದು ಯುಥೇಲಿಯಾ ಅಕೊಂಥಿಯಾ ಎಂಬ ಚಿಟ್ಟೆಯ ಮರಿ, ಯಾರಿಗೂ ತೊಂದರೆ ಮಾಡುವುದಿಲ್ಲ. ಮುಳ್ಳು ಕಂಡದ್ದನ್ನೆಲ್ಲ ಕೊಲ್ಲುವ ಮೊದಲು ಈ ವ್ಯತ್ಯಾಸವನ್ನು ಮಕ್ಕಳಿಗೂ ತೋರಿಸಿಕೊಡಿ. ಗುರುತು ಗೊತ್ತಾಗುವವರೆಗೆ ಯಾವುದನ್ನೂ ಬರಿಗೈಯಿಂದ ಮುಟ್ಟದಿರುವುದು ಮಾತ್ರ ಎಲ್ಲರಿಗೂ ಅನ್ವಯಿಸುವ ನಿಯಮ.

ಅಮ್ಮನಂಗಳ:

ಟೇಪಿನಿಂದ ತೆಗೆದ ಮೇಲೆ ಉರಿ ಕಡಿಮೆಯಾಗಿದೆ, ಮಗಳು ಈಗ ಆರಾಮಾಗಿದ್ದಾಳೆ. ತುಂಬ ಧನ್ಯವಾದಗಳು.

ಒಣಭೂಮಿ (ಪಾವಗಡ):

ನಮ್ಮ ಕಡೆ ಕಾಡು ಕಡಿಮೆ, ಶೇಂಗಾ ಹೊಲವೇ ಹೆಚ್ಚು. ಮುಂಗಾರಿನ ಮೊದಲ ಹದಮಳೆ ಬಿದ್ದ ಮೇಲೆ ಬೀದಿದೀಪಗಳಿಗೆ ಬಿಳಿಯ ಪತಂಗಗಳು ಮುತ್ತಿಕೊಳ್ಳುತ್ತವೆ. ಅದಾದ ಮೇಲೆ ಹೊಲದಲ್ಲಿ ಕೆಂಪುತಲೆ ಕಂಬಳಿಹುಳು ಏಳುತ್ತದೆ ಎಂಬುದು ಹಿರಿಯರ ಲೆಕ್ಕ. ಇವೆರಡೂ ಒಂದೇ ಜೀವಿಯೆಂದು ಖಚಿತವಾಗಿ ಹೇಳಬಹುದೇ? ಏಕೆಂದರೆ ದೀಪಕ್ಕೆ ಬರುವ ಬಿಳಿ ಪತಂಗಗಳಲ್ಲಿಯೂ ಹಲವು ಬಗೆ ಕಾಣುತ್ತವೆ.

ಇರುಳುದೀಪ:

ನಿಮ್ಮ ಹಿರಿಯರ ಲೆಕ್ಕ ಸರಿಯಾಗಿದೆ. ಅದು ಅಮ್ಸಾಕ್ಟಾ ಆಲ್ಬಿಸ್ಟ್ರೈಗಾ. ಕೋಶಗಳು ಹೊಲದ ಬದುಗಳಲ್ಲಿ, ಮರದ ನೆರಳಿನ ಮಣ್ಣಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು, ಮಳೆ ಮಣ್ಣನ್ನು ನೆನೆಸಿದ ಮೇಲೆ ಪತಂಗಗಳು ಒಟ್ಟಿಗೆ ಏಳುತ್ತವೆ. ಮುಂದಿನ ರೆಕ್ಕೆ ಬಿಳಿ, ಅದರ ಮೇಲೆ ಕಂದು ಗೀರುಗಳು, ಮುಂದಿನ ಅಂಚಿನ ಉದ್ದಕ್ಕೂ ಹಳದಿ ಪಟ್ಟಿ. ಹಿಂದಿನ ರೆಕ್ಕೆ ಬಿಳಿ, ಅದರಲ್ಲಿ ಕರಿಯ ಮಚ್ಚೆಗಳು. ಅಂಚಿನ ಪಟ್ಟಿ ಹಳದಿಯ ಬದಲು ಕೆಂಪಾಗಿದ್ದರೆ ಅದು ಇದೇ ಬಳಗದ ಅಮ್ಸಾಕ್ಟಾ ಮೂರೈ. ಇವೆರಡೂ ಅಲ್ಲದ ಅಚ್ಚ ಬಿಳಿಯವು ಬೇರೆ ಬೇರೆ ಕುಟುಂಬಗಳವು, ನಿಮ್ಮ ಶೇಂಗಾಕ್ಕೆ ಸಂಬಂಧಪಟ್ಟವಲ್ಲದಿರಬಹುದು. ಆದ್ದರಿಂದ ದೀಪದ ಬಲೆಯಲ್ಲಿ ಬಿದ್ದುದನ್ನೆಲ್ಲ ಒಂದೇ ಲೆಕ್ಕಕ್ಕೆ ಹಾಕದೆ ರೆಕ್ಕೆಯ ಅಂಚನ್ನು ನೋಡಿ ಎಣಿಸಿದರೆ, ಎಷ್ಟರ ಮಟ್ಟಿಗೆ ಹುಳು ಏಳಬಹುದೆಂಬ ಅಂದಾಜು ಮೊದಲೇ ಸಿಗುತ್ತದೆ. ಊರಿನವರೆಲ್ಲ ಸೇರಿ ಪತಂಗ ಏಳುವ ಆ ಕೆಲವು ರಾತ್ರಿಗಳಲ್ಲಿಯೇ ದೀಪದ ಬಲೆ ಇಟ್ಟರೆ ಆಮೇಲೆ ಔಷಧಿ ಹೊಡೆಯುವ ಖರ್ಚು ಬಹಳ ಕಡಿಮೆಯಾಗುತ್ತದೆ.

ಅಘನಾಶಿನಿ:

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮತ್ತಿಮರದ ಗೂಡಿನಲ್ಲಿ ತೂತೂ ಇಲ್ಲ, ತುದಿಯೂ ತೆರೆದಿಲ್ಲ. ಮುಟ್ಟದೆ ಬಿಟ್ಟಿದ್ದೇನೆ. ಕಣಗಿಲೆಯಲ್ಲಿ ನೀವು ಹೇಳಿದಂತೆಯೇ ಬೆಳ್ಳಿ ಹೊಳಪಿನ ಕೋಶ ನೇತುಬಿದ್ದಿದೆ. ಜುಲೈ ಕೊನೆಯ ವಾರದಲ್ಲಿ ಪತಂಗ ಸಪ್ತಾಹವೆಂದು ಹಲವು ದೇಶಗಳಲ್ಲಿ ಒಟ್ಟಿಗೆ ನೋಡುತ್ತಾರೆಂದು ಕೇಳಿದ್ದೇನೆ. ನಮ್ಮ ಊರಿನ ಶಾಲೆಯ ಮಕ್ಕಳೊಂದಿಗೆ ಬಿಳಿ ಬಟ್ಟೆ ಕಟ್ಟಿ ದೀಪವಿಟ್ಟು ನೋಡಬೇಕೆಂದಿದೆ. ಅದಕ್ಕೆ ಏನೇನು ಬೇಕು?

ಇರುಳುದೀಪ:

ಹೌದು, 2012ರಿಂದ ಪ್ರತಿ ವರ್ಷ ಅದು ನಡೆಯುತ್ತಿದೆ. ಹಳೆಯ ಬಿಳಿ ಪಂಚೆ ಅಥವಾ ಹೊದಿಕೆ, ಎರಡು ಗೂಟ, ಹಗ್ಗ, ಒಂದು ದೀಪ ಸಾಕು. ನೇರಳಾತೀತ ಬೆಳಕಿನ ಎಲ್‌ಇಡಿ ಸಿಕ್ಕರೆ ಉತ್ತಮ. ಪಾದರಸದ ದೀಪಕ್ಕೆ ಪತಂಗಗಳು ಚೆನ್ನಾಗಿ ಬರುತ್ತವೆಯಾದರೂ ಅದು ಬಹಳ ಬಿಸಿಯಾಗುವುದರಿಂದ, ಮಳೆಹನಿ ಬಿದ್ದರೆ ಗಾಜು ಒಡೆಯುವುದರಿಂದ ಮಕ್ಕಳಿರುವ ಕಡೆ ಬೇಡ. ಅಮಾವಾಸ್ಯೆಯ ಆಸುಪಾಸಿನ, ಗಾಳಿಯಿಲ್ಲದ, ಮೋಡ ಕವಿದ ಸೆಕೆಯ ರಾತ್ರಿ ಆರಿಸಿಕೊಳ್ಳಿ. ಬಟ್ಟೆಯ ಕೆಳಗಿನ ಅಂಚು ನೆಲದ ಮೇಲೂ ಒಂದಷ್ಟು ಹರಡಿರಲಿ, ಎಷ್ಟೋ ಪತಂಗಗಳು ಬಂದು ಅಲ್ಲಿಯೇ ಕೂರುತ್ತವೆ, ಮಕ್ಕಳ ಕಾಲಡಿ ಸಿಗದಂತೆ ನೋಡಿಕೊಳ್ಳಬೇಕು. ಕಣಜ, ವಿಷದ ಜೀರುಂಡೆಗಳೂ ದೀಪಕ್ಕೆ ಬರುವುದರಿಂದ ಯಾರೂ ಬಟ್ಟೆಯನ್ನು ಕೈಯಿಂದ ತಡವಬಾರದು.

ಮಕ್ಕಳಿಗೆ ಮೊದಲು ಕೂರುವ ಭಂಗಿಯನ್ನು ನೋಡಲು ಹೇಳಿ. ರೆಕ್ಕೆಗಳನ್ನು ಪೂರ್ತಿ ಚಪ್ಪಟೆಯಾಗಿ ಬಟ್ಟೆಗೆ ಒತ್ತಿ ಕೂತವು ಬಹುಮಟ್ಟಿಗೆ ಗೇಣುಹುಳುಗಳ ಪತಂಗಗಳು. ಉದ್ದನೆಯ ಕಿರಿದಾದ ರೆಕ್ಕೆಗಳನ್ನು ಹಿಂದಕ್ಕೆ ಚಾಚಿಕೊಂಡ ದಪ್ಪ ಮೈಯವು ಗಿಡುಗ ಪತಂಗಗಳು. ಕಡ್ಡಿಯಂಥ ರೆಕ್ಕೆಗಳನ್ನು ಎರಡು ಪಕ್ಕಕ್ಕೆ ನೇರವಾಗಿ ಚಾಚಿ ಕೂತ ಪುಟಾಣಿಗಳು ಗರಿ ಪತಂಗಗಳು. ಆಮೇಲೆ ಮೀಸೆ ನೋಡಲಿ. ಗಂಡು ರೇಷ್ಮೆ ಪತಂಗಗಳ ಮೀಸೆ ಹಣಿಗೆಯ ಹಲ್ಲಿನಂತೆ ಅಗಲವಾಗಿರುತ್ತದೆ, ಹೆಣ್ಣಿನದು ಸಪೂರ. ಪ್ರತಿಯೊಂದರ ಚಿತ್ರವನ್ನು ನೇರವಾಗಿ ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಹತ್ತಿರದಲ್ಲಿ ಅಳತೆಪಟ್ಟಿಯನ್ನು ಬಟ್ಟೆಗೆ ಪಿನ್ ಮಾಡಿಟ್ಟರೆ ಗಾತ್ರವೂ ದಾಖಲಾಗುತ್ತದೆ. ಸಮಯ ಬರೆದಿಡಿ, ಮುಸ್ಸಂಜೆಗೆ ಬರುವವೇ ಬೇರೆ, ನಡುರಾತ್ರಿ ಕಳೆದು ಬರುವವೇ ಬೇರೆ.

ಬೆಳಕು ಹರಿಯುವವರೆಗೆ ದೀಪವನ್ನು ಉರಿಯಲು ಬಿಡಬೇಡಿ. ನೋಡಿ ಮುಗಿದ ಕೂಡಲೇ ಆರಿಸಿ, ಬಟ್ಟೆಯನ್ನು ಪೊದೆಗಳ ಒಳಗೆ ಮೆಲ್ಲಗೆ ಕೊಡವಿ. ಇಲ್ಲವಾದರೆ ಬೆಳಗ್ಗೆ ಪಿಕಳಾರಗಳೂ ಮಡಿವಾಳ ಹಕ್ಕಿಗಳೂ ಬಂದು ಒಂದನ್ನೂ ಬಿಡದೆ ಹೆಕ್ಕುತ್ತವೆ. ಸಿಕ್ಕ ಚಿತ್ರಗಳನ್ನು ಇಲ್ಲಿಯೇ ಹಾಕಿ, ಶಾಲೆಯ ಸುತ್ತ ಯಾವ ಯಾವ ಮರಗಿಡಗಳಿವೆ ಎಂಬ ಪಟ್ಟಿಯನ್ನೂ ಮಕ್ಕಳಿಂದಲೇ ಬರೆಯಿಸಿ ಜೊತೆಗೆ ಕಳುಹಿಸಿ.